ರೈಲಿನವರ ಕಲ್ಲಿಗೆ ಈಬತ್ತಿ

ನಮ್ಮ ಅಡಿಗಿ ಮನಿಯೊಳಗೆ ಬಳ್ಳೊಳ್ಳಿ ಜಜ್ಜಲಿಕ್ಕೆ ಒಂದು ಕಲ್ಲಿದೆ. ಒಳಕಲ್ಲಲ್ಲ, ಗುಂಡಕಲ್ಲೂ ಅಲ್ಲ. ರೈಲು ಹಳಿಯ ಕೆಳಗೆ ಸುರಿದಿರುತ್ತಾರಲ್ಲ ಕರೀ ಕಡಿ, ಅಂಥದ್ದು. ಮುಷ್ಟಿಯಲ್ಲಿ ಸರಿಯಾಗಿ ಕೂಡುತ್ತದೆ, ಒಂದು ಮಗ್ಗಲು ಚಪ್ಪಟೆಯಾಗಿದೆ. ನನ್ನ ಸೊಸಿಗೆ ಅದನ್ನು ಕಂಡರೆ ಆಗುವುದಿಲ್ಲ. ಮಿಕ್ಸರ್ ಇರುವ ಮನಿಯೊಳಗೆ ಈ ಕಲ್ಲು ಯಾಕೆ, ಬಂದವರು ನಕ್ಕಾರು ಅಂತಾಳೆ. ನಗಲಿ. ಮಿಕ್ಸರಿನಲ್ಲಿ ತಿರುವಿದ ಬಳ್ಳೊಳ್ಳಿ ಖಾರಕ್ಕೂ ದವಾಖಾನಿಯ ಔಷಧಕ್ಕೂ ನನ್ನ ನಾಲಿಗೆಗೆ ಫರಕು ತಿಳಿಯುವುದಿಲ್ಲ. ಆಕೆ ಅದನ್ನು ಹಿತ್ತಲಿಗೆ ಒಗೆದಾಗೆಲ್ಲ ನಾನು ಹೋಗಿ ತಂದೆ. ಮುಳ್ಳುಕಂಟಿಯೊಳಗೆ ಕೈ ಹಾಕಿ ಹುಡುಕುವ ಅತ್ತಿಯನ್ನು ಓಣಿಯವರು ನೋಡುತ್ತಾರೆಂದು ನಾಚಿಕೊಂಡು ಈಗ ಸುಮ್ಮನಾಗಿದ್ದಾಳೆ.

ಈ ಕಲ್ಲನ್ನು ಎತ್ತಿದವಳು ನಾನಲ್ಲ. ನನ್ನ ನೆಗೆಣ್ಣಿ ನೀಲವ್ವ. ನನ್ನ ಮೈದುನ ಶಿವಪ್ಪನ ಹೆಂಡತಿ ಆಕೆ. ಇಬ್ಬರೂ ಈಗಿಲ್ಲ. ಅವರ ಮಾತು ಬರೆಯಬೇಕಾದರೆ ಕಲ್ಲಿನ ಮಾತನ್ನೇ ಬರೆಯಬೇಕು, ಬೇರೆ ಹಾದಿ ಇಲ್ಲ. ನಾನು ಎರಡನೇತ್ತೆ ತನಕ ಸಾಲಿ ಕಲಿತವಳು. ಅಕ್ಷರ ಹೆಚ್ಚುಕಡಿಮೆ ಆಗಿದ್ದರೆ ಓದುವವರು ತಿದ್ದಿಕೊಳ್ಳಿರಿ. ಮಾತು ಹೆಚ್ಚುಕಡಿಮೆ ಆಗಿಲ್ಲ.

ನಮ್ಮ ಸೀಮೆಯಲ್ಲಿ, ಯಲಬುರ್ಗಾಕ್ಕೂ ಕುಷ್ಟಗಿಗೂ ನಡುವಿನ ಈ ಕರೀ ಮಣ್ಣಿನ ಎರಿ ಹೊಲಗಳಲ್ಲಿ, ನೆಟ್ಟಗೆ ನಿಂತ ಕಲ್ಲು ಕಂಡರೆ ಹೆಣ್ಣುಮಕ್ಕಳ ಕೈ ಸುಮ್ಮನಿರುವುದಿಲ್ಲ. ಈಬತ್ತಿ, ಅಂದರೆ ವಿಭೂತಿ ಹಚ್ಚಿ, ಕೈ ಮುಗಿದು, ಆಮೇಲೆ ಇದು ಯಾವ ದೇವರು ಅಂತ ಕೇಳುವುದು. ನನ್ನತ್ತಿ ಒಮ್ಮೆ ಕುಷ್ಟಗಿ ಹಾದಿಯ ಮೈಲಿಗಲ್ಲಿಗೆ ಕಾಯಿ ಒಡೆಸಿದ್ದಳು. ಮೇಲೆ ಹಳದಿ ಬಣ್ಣ ಬಳಿದದ್ದು ಕಂಡು, ಯಾರೋ ಭಂಡಾರ ಹಚ್ಚ್ಯಾರ, ಮೈಲಾರಲಿಂಗನೇ ಇರಬೇಕು ಅಂದಳು. ಸಾಲಿ ಕಲಿತ ಸೊಸಿ ನಾನು, ಅದರ ಮೇಲಿನ ಅಂಕಿ ಓದಿದೆ. ಓದಿದ ಮೇಲೂ ಕೈ ಮುಗಿದೆ. ಕಾಯಿ ಒಡೆದಾಗಿತ್ತು, ಕೊಬ್ಬರಿ ಯಾಕೆ ಬಿಡಬೇಕು.

ರೈಲಿನ ಮಾತಿಗೆ ಬರುತ್ತೇನೆ. ನಾನು ಮದುವೆಯಾಗಿ ಬಂದಾಗಲೇ ನಮ್ಮೂರಲ್ಲಿ "ಕುಷ್ಟಗಿಗೆ ರೈಲು ಬಂದಂಗ" ಅನ್ನುವ ಮಾತು ಬಳಕೆಯಲ್ಲಿತ್ತು. ಆಗದ ಹೋಗದ ಕೆಲಸಕ್ಕೆಲ್ಲ ಅದೇ ಮಾತು. ಮುನಿಸಿಕೊಂಡು ತವರಿಗೆ ಹೋದ ಹೆಂಡತಿ ಯಾವಾಗ ಬರುತ್ತಾಳೆ ಅಂದರೆ, ಕುಷ್ಟಗಿಗೆ ರೈಲು ಬಂದಾಗ. ಗೌಡರ ಮಗ ಸಾಲಿ ಪಾಸಾಗುವುದು ಯಾವಾಗ ಅಂದರೂ ಅದೇ. ಓಟಿನ ಹೊತ್ತಿಗೆ ಬಂದವರೆಲ್ಲ ರೈಲು ತರುತ್ತೇವೆ ಅಂದು ಹೋಗುತ್ತಿದ್ದರು; ನಾವು ಹೂಂ ಅಂದು ಚಾ ಕುಡಿಸಿ ಕಳಿಸುತ್ತಿದ್ದೆವು. ರೈಲು ಅಂದರೆ ನಮಗೆ ಕೊಪ್ಪಳಕ್ಕೆ ಹೋಗಿ ನೋಡಿ ಬರುವ ವಸ್ತು. ನಾನು ಮೊದಲ ಸಲ ನೋಡಿದ್ದು ಅಪ್ಪನ ಹೆಗಲ ಮೇಲೆ ಕುಂತು. ಸಾಲು ಮನಿಗಳು ಒಂದಕ್ಕೊಂದು ಹಗ್ಗ ಕಟ್ಟಿಕೊಂಡು ಓಡುತ್ತಿವೆ ಅಂತ ತಿಳಿದು, ಒಳಗಿನವರು ಒಲಿ ಎಲ್ಲಿ ಹೂಡ್ತಾರ ಅಂತ ಕೇಳಿದೆನಂತೆ. ಅಪ್ಪ ಅದನ್ನು ಊರೆಲ್ಲ ಹೇಳಿಕೊಂಡು ನಕ್ಕ. ನನಗೇನೂ ನೆನಪಿಲ್ಲ. ನಮ್ಮಪ್ಪ ಸುಳ್ಳು ಹೇಳುವುದರಲ್ಲಿ ಗಟ್ಟಿಗ.

ನೀಲವ್ವ ನನಗಿಂತ ಭಾಳ ಸಣ್ಣವಳು. ಸೊಸಿಯಾಗಿ ಬಂದ ಹೊಸತರಲ್ಲಿ ಆಕೆಗೆ ರೊಟ್ಟಿ ಬಡಿಯಲಿಕ್ಕೂ ಬರುತ್ತಿರಲಿಲ್ಲ. ಈಕಿ ರೊಟ್ಟಿಯ ತೂತಿನಾಗ ಚುಕ್ಕಿ ಎಣಿಸಬಹುದು ಅಂತ ಅತ್ತಿ ಅನ್ನುತ್ತಿದ್ದಳು. ಮೊದಲನೇದು ಗಂಡು ಹುಟ್ಟಿತು. ಬಸವರಾಜ ಅಂತ ಹೆಸರಿಟ್ಟು ಬಸ್ಯಾ ಅಂತ ಕರೆದೆವು. ಆಗಷ್ಟೇ ಹೊಸ್ತಿಲು ದಾಟಲಿಕ್ಕೆ ಕಲಿತಿತ್ತು. ಒಂದು ಮಳೆಗಾಲ ವಾಂತಿಭೇದಿ ಹತ್ತಿತು. ಚಕ್ಕಡಿ ಹೂಡಿಕೊಂಡು ಕುಷ್ಟಗಿ ದವಾಖಾನಿಗೆ ಹೊರಟರು, ಮುಟ್ಟುವುದರೊಳಗೆ ಚಕ್ಕಡಿಯಲ್ಲೇ ಹೋಯಿತು.

ನಮ್ಮ ಕಡೆ ನಮ್ಮವರನ್ನು ನಮ್ಮ ಹೊಲದಲ್ಲೇ ಮಣ್ಣು ಮಾಡುತ್ತೇವೆ. ದೊಡ್ಡವರಿಗಾದರೆ ಕಟ್ಟೆ ಕಟ್ಟುತ್ತಾರೆ, ಕೂಸಿಗೆ ಕಟ್ಟೆ ಯಾರು ಕಟ್ಟುತ್ತಾರೆ. ಪಕ್ಕದ ಹೊಲದ ಹುಸೇನಸಾಬ, ಶಿವಪ್ಪನ ಗೆಳೆಯ, ಬದುವಿನ ಹತ್ತಿರ ತಗ್ಗು ತೋಡಿದ. ಮಣ್ಣು ಮುಚ್ಚಿ, ಅಲ್ಲೇ ಬಿದ್ದಿದ್ದ ಒಂದು ಕಾಡುಗಲ್ಲನ್ನು ಗುರುತಿಗೆ ನಿಲ್ಲಿಸಿ ಬಂದೆವು.

ಅವತ್ತಿನಿಂದ ಶಿವಪ್ಪ ಆ ಕೂಸಿನ ಹೆಸರನ್ನು ಬಾಯಿಗೆ ತರಲಿಲ್ಲ. ಮೊದಲೇ ಮಾತು ಕಡಿಮೆ. ಎತ್ತಿಗೆ ಹೇಳಿದಷ್ಟನ್ನೂ ಹೆಂಡತಿಗೆ ಹೇಳುತ್ತಿರಲಿಲ್ಲ. ಆತ ಅನ್ನಲಿಲ್ಲವೆಂದು ನೀಲವ್ವ ಅನ್ನಲಿಲ್ಲ. ಇಬ್ಬರೂ ಅನ್ನಲಿಲ್ಲವೆಂದು ಮನಿಮಂದಿ ಬಿಟ್ಟೆವು. ಮುಂದೆ ಹುಟ್ಟಿದ ಹೆಣ್ಣುಮಕ್ಕಳಿಗೆ ತಮಗೊಬ್ಬ ಅಣ್ಣ ಇದ್ದ ಅಂತ ಗೊತ್ತಾದದ್ದು ದೊಡ್ಡವರಾದ ಮೇಲೆ, ಅದೂ ನಮ್ಮತ್ತಿಯ ಬಾಯಿ ಜಾರಿ.

ವರ್ಷಕ್ಕೊಂದು ದಿನ ಮಾತ್ರ ನೀಲವ್ವ ಕೂಸಿನ ಹತ್ತಿರ ಹೋಗುತ್ತಿದ್ದಳು, ಎಳ್ಳ ಅಮಾವಾಸ್ಯೆಗೆ. ಅವತ್ತು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ನಮ್ಮ ಪದ್ಧತಿ. ಸಜ್ಜಿ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಪುಂಡಿಪಲ್ಯ, ಎಲ್ಲ ಕಲಸಿ ಬೆಳೆಯ ಮೇಲೆ ತೂರುತ್ತೇವೆ. ಭೂಮಿತಾಯಿ ಬಸುರಿ, ಅದು ಆಕೆಯ ಬಯಕೆಯ ಊಟ. ಗಂಡಸರು ಕೂಗಿಕೊಂಡು ತೂರುತ್ತಾ ಮುಂದೆ ಹೋದರೆ ನೀಲವ್ವ ಹಿಂದೆ ಉಳಿಯುತ್ತಿದ್ದಳು. ಮೊದಲ ತುತ್ತನ್ನು ಆ ಕಲ್ಲಿನ ಮುಂದಿಟ್ಟು, ಈಬತ್ತಿ ಹಚ್ಚಿ, ಸೆರಗಿಗೆ ಕೈ ಒರೆಸಿಕೊಂಡು ಬರುತ್ತಿದ್ದಳು. ಶಿವಪ್ಪ ಹೊಳ್ಳಿ ನೋಡುತ್ತಿರಲಿಲ್ಲ. ನೋಡಿದರೂ ಜೋಳದ ತೆನೆ ನೋಡಿದಂತೆ ನೋಡುತ್ತಿದ್ದ.

ಹೀಗೇ ಭಾಳ ವರ್ಷ ಹೋದವು. ಒಂದು ವರ್ಷ ಶಿವಪ್ಪ ಬಣವಿಯಿಂದ ಬಿದ್ದು ಕಾಲು ಮುರಿದುಕೊಂಡ. ಹೊಲವನ್ನು ಹುಸೇನಸಾಬನಿಗೆ ಪಾಲಿಗೆ ಹಾಕಿದೆವು. ಆ ವರ್ಷದ ಚರಗವನ್ನೂ ಅವನೇ ಚೆಲ್ಲಿದ, ನಾವು ಹೋಗಲಿಲ್ಲ. ಹೊಲ ಯಾರು ಮಾಡಿದರೆ ಚರಗ ಅವರದು, ಅದಕ್ಕೆ ಜಾತಿ ಇಲ್ಲ. ಅವನು ಊರಲ್ಲಿಲ್ಲದ ದಿನ ಬಾಡಿಗೆ ಟ್ರ್ಯಾಕ್ಟರಿನವನು ಬಂದು ಬದುವಿನ ತನಕ ಹೊಡೆದು ಹೋಗಿದ್ದನಂತೆ. ಅದೇ ವರ್ಷ ಮೂರು ಕಾಲಿನ ದುರ್ಬೀನು ಹೊತ್ತ ಮಂದಿ ಬಂದು ಹೊಲಹೊಲ ತಿರುಗಿ ಅಲ್ಲೊಂದು ಇಲ್ಲೊಂದು ಕಲ್ಲು ನೆಟ್ಟು ಹೋದರಂತೆ. ರೈಲಿನ ಅಳತೆ ಅಂದರು. ಅಂಥ ಅಳತೆ ಭಾಳ ನೋಡಿದ್ದೆವು, ಯಾರೂ ತಲಿಗೆ ಹಚ್ಚಿಕೊಳ್ಳಲಿಲ್ಲ.

ಮರುವರ್ಷ ಎಳ್ಳ ಅಮಾವಾಸ್ಯೆಗೆ ಹೋದಾಗ ಬದುವಿನ ಹತ್ತಿರ ಕಾಡುಗಲ್ಲು ಇರಲಿಲ್ಲ. ಅಲ್ಲಿ ಕೆತ್ತಿದ ಕಲ್ಲೊಂದು ನಿಂತಿತ್ತು. ನಾಲ್ಕೂ ಮೂಲಿ ಸಮ, ನೆತ್ತಿಯ ಮೇಲೆ ಕೊರೆದ ಗುರುತು. ನೀಲವ್ವ ಬುತ್ತಿಗಂಟು ಹಿಡಿದುಕೊಂಡೇ ಅಲ್ಲಿ ಕುಂತಳು. ನನ್ನ ಕಿವಿಯಲ್ಲಿ ಅಂದಳು:

"ನೋಡಿದ್ಯಾ ಯಕ್ಕಾ. ಬಾಯಿ ಬಿಟ್ಟು ಒಂದು ಮಾತು ಆಡಂಗಿಲ್ಲ. ಕಲ್ಲು ಕೆತ್ತಿಸಿ ನಿಲ್ಲಿಸ್ಯಾನ ನಮ್ಮಾಂವ."

ನಾನೂ ಹಾಗೇ ತಿಳಿದೆ. ಕುಂಟುಗಾಲಿನವನು ಯಾವಾಗ ಮಾಡಿಸಿದ ಅಂತ ಕೇಳಬಹುದಿತ್ತು. ನಮ್ಮ ಮನಿಯೊಳಗೆ ಆ ವಿಷಯ ಕೇಳುವ ರೂಢಿ ಇರಲಿಲ್ಲ.

ಅವತ್ತಿನಿಂದ ನೀಲವ್ವನ ನಡತೆಯೇ ಬೇರೆ ಆಯಿತು. ಗಂಡನ ಮುಂದೆ ತಾಟು ಕುಕ್ಕಿ ಹೋಗುತ್ತಿದ್ದವಳು ಈಗ ಬಿಸಿ ರೊಟ್ಟಿ ಮೇಲೆ ಬೆಣ್ಣಿ ಇಟ್ಟು, ಆತ ಉಣ್ಣುವ ತನಕ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಬೆಣ್ಣಿ ನಮ್ಮ ತಾಟಿಗೆ ಬರುತ್ತಿರಲಿಲ್ಲ. ಮಕ್ಕಳ ಮದುವಿ ಮಾಡೋ ವಯಸ್ಸಿನ್ಯಾಗ ಗಂಡನ ಮ್ಯಾಲೆ ಹೊಸದಾಗಿ ಮನಸ್ಸಾಗೇತಲ್ಲ ನೀಲಿ ಅಂತ ಕಾಡಿದೆ. ಆಕೆ ನಕ್ಕಳು. ಶಿವಪ್ಪನೂ ಸ್ವಲ್ಪ ಮೆತ್ತಗಾದ. ಹೊಲದಿಂದ ಬರುವಾಗ ಆಕೆಗೆ ಬಾರಿಕಾಯಿ ತರತೊಡಗಿದ; ಧೋತರದ ಚುಂಗಿನಲ್ಲಿ ಕಟ್ಟಿಕೊಂಡು ಬಂದು, ಏನೂ ಅನ್ನದೆ ಒಲಿಯ ಹತ್ತಿರ ಇಟ್ಟು ಹೋಗುತ್ತಿದ್ದ. ಆ ಮನಿಯಲ್ಲಿ ಅದೊಂದಿಷ್ಟು ವರ್ಷ ಛಲೋ ಇದ್ದವು. ಕಲ್ಲಿನ ದೆಸೆಯಿಂದ ಇದ್ದವು.

ಆಮೇಲೆ ನಿಜವಾಗಿಯೂ ರೈಲು ಬರುತ್ತದೆ ಅಂದರು. ಭೂಮಿ ಅಳೆಯಲಿಕ್ಕೆ ಜೀಪು ಬಂತು. ಹೊಲದ ಮಂದಿ ಎಲ್ಲ ಸಾಲಾಗಿ ನಿಂತಿದ್ದೆವು, ಹುಸೇನಸಾಬನೂ ಇದ್ದ. ಸಾಹೇಬ ಸಣ್ಣ ವಯಸ್ಸಿನವನು, ನಮ್ಮ ಕಡೆಯವನಲ್ಲ. ಬದುವಿನ ಹತ್ತಿರ ಬಂದವನೇ ಆ ಕಲ್ಲು ನೋಡಿ ನಿಂತುಬಿಟ್ಟ. ಅದಕ್ಕೆ ಈಬತ್ತಿ ಪದರು ಪದರಾಗಿ ಹತ್ತಿ ಸುಣ್ಣ ಬಳಿದ ಹಾಗೆ ಆಗಿತ್ತು. ಮುಂದೆ ಕಾಯಿಚಿಪ್ಪು, ಒಣಗಿದ ಚೆಂಡುಹೂವು. ರೈಲು ತಡೆಯಲಿಕ್ಕೆ ಊರವರು ಹಳಿ ಬರುವ ಜಾಗದಲ್ಲೇ ದೇವರು ಹುಟ್ಟಿಸಿದ್ದಾರೆ ಅಂತ ತಿಳಿದ. ಜೋಡಿ ಬಂದವರ ಜತೆ ತಗ್ಗಿದ ದನಿಯಲ್ಲಿ ಮಾತಾಡಿದ, ಬೂಟು ಬಿಚ್ಚಬೇಕೋ ಏನೋ ಅಂತ ಕಾಲು ನೋಡಿಕೊಂಡ. ಆತನ ಅಂಜಿಕೆ ಕಂಡು ನಮಗೆಲ್ಲ ನಗು.

ಇದು ಯಾವ ದೇವರು ಅಂತ ಕೇಳಿದ. ನೀಲವ್ವ ಸೆರಗು ಸರಿ ಮಾಡಿಕೊಂಡು ಮುಂದೆ ಬಂದಳು.

"ದೇವರಲ್ರೀ ಸಾಹೇಬ್ರ. ನಮ್ಮ ಬಸ್ಯಾ."

ಅಷ್ಟು ಮಂದಿಯ ಮುಂದೆ ಆ ಹೆಸರು ಬಂದದ್ದಕ್ಕೆ ಶಿವಪ್ಪ ತಲೆ ತಗ್ಗಿಸಿದ. ಸಾಹೇಬನ ಜೋಡಿ ಬಂದ ಸಿಪಾಯಿಯೊಬ್ಬ ಕುಕ್ಕರಗಾಲಿನಲ್ಲಿ ಕುಂತು, ಕಲ್ಲಿನ ನೆತ್ತಿಯ ಈಬತ್ತಿಯನ್ನು ಉಗುರಿನಿಂದ ಕೆರೆದ. ಗುರುತು ಕಂಡಿತು. ಸರ್, ನಮ್ಮ ಅಳತಿ ಕಲ್ಲೇ ಅಂದ. ಸಾಹೇಬನ ಮುಖಕ್ಕೆ ಜೀವ ಬಂತು. ಗಾಬರಿ ಆಗಬೇಡಿರಿ ತಾಯಿ, ಇದು ರೈಲಿನವರ ಕಲ್ಲು, ಇದರ ಕೆಳಗೆ ಏನೂ ಇಲ್ಲ ಅಂದ. ಒಳ್ಳೇದಕ್ಕೇ ಅಂದ ಪಾಪ. ಆತನಿಗೇನು ಗೊತ್ತು.

ನೀಲವ್ವ ಆತನ ಕಡೆ ನೋಡಲೇ ಇಲ್ಲ. ಗಂಡನ ಕಡೆ ನೋಡಿದಳು.

"ನೀವು ಇಡಿಸಿದ್ದಲ್ಲೇನು?"

"ನಿನ್ನ ತವರಿನವರ ಕಡಿಂದ ನೀ ಇಡಿಸಿದ್ದಿ ಅಂತ ತಿಳಿದಿದ್ನಿ," ಅಂದ ಶಿವಪ್ಪ.

ಕೂಸು ಸತ್ತ ಮೇಲೆ ಗಂಡ ಹೆಂಡತಿ ಅದರ ಬಗ್ಗೆ ಆಡಿದ ಮೊದಲ ಮಾತು ಅದು. ಆತ ಬಾರಿಕಾಯಿ ತಂದದ್ದು ಹೆಂಡತಿ ಕಲ್ಲು ಇಡಿಸಿದಳೆಂದು. ಆಕೆ ಬೆಣ್ಣಿ ಇಟ್ಟದ್ದು ಗಂಡ ಇಡಿಸಿದನೆಂದು. ಹುಸೇನಸಾಬನೂ ಹೊಸ ಕಲ್ಲು ನೋಡಿ ಶಿವಪ್ಪ ಛಲೋ ಮಾಡಿದ ಅಂದುಕೊಂಡು ಸುಮ್ಮನಿದ್ದನಂತೆ. ಒಬ್ಬರನ್ನೊಬ್ಬರು ಒಂದು ಮಾತು ಕೇಳಿದ್ದರೆ ಅವತ್ತೇ ತಿಳಿಯುತ್ತಿತ್ತು, ಟ್ರ್ಯಾಕ್ಟರಿಗೆ ಸಿಕ್ಕು ಕಿತ್ತುಹೋದ ಕಾಡುಗಲ್ಲನ್ನು ಅವತ್ತೇ ಹುಡುಕಬಹುದಿತ್ತು. ಹೊಲ ಈಗ ಎಷ್ಟೋ ಸಲ ಹರಗಿ, ಬದು ಒಡೆದು ಹೊಸದಾಗಿ ಹಾಕಿ ಆಗಿತ್ತು. ಕೂಸು ಎಲ್ಲಿತ್ತು ಅಂತ ತೋರಿಸಲಿಕ್ಕೆ ತಗ್ಗು ತೋಡಿದ ಹುಸೇನಸಾಬನಿಗೂ ಆಗಲಿಲ್ಲ. ಅಲ್ಲಿ ನಿಂತ, ಇಲ್ಲಿ ನಿಂತ, ಬೇವಿನ ಗಿಡ ಇತ್ತಲ್ಲ ಅಂದ. ಗಿಡ ಕಡಿದು ಯಾವ ಕಾಲವಾಗಿತ್ತೋ. ಕಡೆಗೆ, ಕೂಸಿನ ಎಲುಬು ಇಷ್ಟು ವರ್ಷ ಎಲ್ಲಿ ಉಳಿದಾವು ತಂಗಿ, ಮಣ್ಣಾಗ ಮಣ್ಣಾಗಿ ಹೋಗಿರ್ತೈತಿ, ಇಡೀ ಹೊಲಾನ ನಿನ್ನ ಮಗ ಅಂತ ತಿಳಕೋ ಅಂದ.

"ಅದು ಖರೇ ಅಣ್ಣಾ," ಅಂದಳು ನೀಲವ್ವ. "ಆದ್ರ ನಾ 'ಇಲ್ಲಿ' ಅಂತ ಯಾವ ಕಡೀಗಿ ಕೈ ಮುಗೀಲಿ?"

ಸಾಹೇಬನ ಮಂದಿ ಅಳತೆ ಮುಗಿಸಿ ಜೀಪು ಹತ್ತಿದರು.

ಮರುದಿನದಿಂದ ಶಿವಪ್ಪ ಹಾರಿ ಹಿಡಿದುಕೊಂಡು ಹೊಲಕ್ಕೆ ಹೋಗತೊಡಗಿದ. ಬದುವಿನ ಗುಂಟ ಅಗೆಯುವುದು, ಸಿಕ್ಕ ಕಾಡುಗಲ್ಲನ್ನು ಹೆಗಲ ಮೇಲೆ ಹೊತ್ತು ತರುವುದು. ಕುಂಟುಗಾಲಿನವನು, ಊರ ನಡುವೆ ಕಲ್ಲು ಹೊತ್ತುಕೊಂಡು ಬರುತ್ತಿದ್ದರೆ ಕಟ್ಟೆಯ ಮೇಲಿನ ಮಂದಿ ನಗುತ್ತಿದ್ದರು. ಮನಿ ಎಷ್ಟು ಅಂತಸ್ತು ಕಟ್ಟಸ್ತಿ ಶಿವಪ್ಪ ಅನ್ನುತ್ತಿದ್ದರು. ಆತ ಅಂಗಳದಲ್ಲಿ ಕಲ್ಲು ಇಳಿಸಿ, ಹೆಂಡತಿಯನ್ನು ಕರೆದು ಒಂದೇ ಮಾತು ಕೇಳುತ್ತಿದ್ದ.

"ಇದೇ ಏನು?"

ನೀಲವ್ವ ಹೊರಗೆ ಬಂದು, ಬಗ್ಗಿ, ಕಲ್ಲನ್ನು ತಿರುವಿ ನೋಡಿ ತಲೆ ಅಲ್ಲಾಡಿಸುತ್ತಿದ್ದಳು. ಅಲ್ಲ. ಮರುದಿನ ಇನ್ನೊಂದು ಕಲ್ಲು. ಒಂದು ದಿನ ನನಗೆ ತಡೆಯಲಿಲ್ಲ, ಯಾವುದೋ ಒಂದಕ್ಕೆ ಹೂಂ ಅಂದುಬಿಡ ನೀಲಿ, ಆತ ಸಾಯ್ತಾನ ಅಂದೆ. ಒಮ್ಮೆ ಪರರ ಕಲ್ಲಿಗೆ ಹೂಂ ಅಂದದ್ದು ಸಾಕು ಯಕ್ಕಾ ಅಂದಳು. ಅಂಗಳದ ತುಂಬ ಕಲ್ಲು ಆದವು. ಕೋಳಿಗಳು ಅವುಗಳ ಮೇಲೆ ಕೂಡತೊಡಗಿದವು.

ಅಷ್ಟರಲ್ಲಿ ಯಂತ್ರ ಬಂದವು. ಎರಿ ಮಣ್ಣು ಹಳಿ ತಾಳುವುದಿಲ್ಲವಂತೆ. ಅದಕ್ಕೆ ಹಳಿಯ ಅಗಲಕ್ಕೂ ಮೇಲಿನ ಮಣ್ಣನ್ನು ಆಳಕ್ಕೆ ಕೆತ್ತಿ ತೆಗೆದು, ಎಲ್ಲಿಂದಲೋ ಗಟ್ಟಿ ಗರಸು ಮಣ್ಣು ತಂದು ಏರಿ ಹಾಕಿದರು. ಕೆತ್ತಿದ ಎರಿ ಮಣ್ಣನ್ನು ಬೇಕಾದವರು ಒಯ್ಯಿರಿ ಅಂದರು. ಛಲೋ ಮಣ್ಣು, ಯಾರು ಬಿಡುತ್ತಾರೆ. ಟ್ರ್ಯಾಕ್ಟರ್ ತುಂಬಿಕೊಂಡು ಕೆಂಪು ಮಣ್ಣಿನ ಮಸಾರಿ ಹೊಲದವರೆಲ್ಲ ಒಯ್ದರು, ಬೇರೆ ಊರವರೂ ಒಯ್ದರು. ನೀಲವ್ವ ಹಾದಿಯ ಬದಿಗೆ ನಿಂತು, ಹೋಗುವ ಒಂದೊಂದು ಟ್ರೇಲರನ್ನೂ ನೋಡಿದಳು. ಅಳಲಿಲ್ಲ. ಯಾವ ಯಾವ ಊರಿಗೆ ಹೋಯಿತು ಅಂತ ಡ್ರೈವರುಗಳನ್ನು ಕೇಳಿದಳು. ಅವತ್ತು ಸಂಜೆ ಬಂದವಳು, ಹಾರಿ ಒಳಗೆ ಇಡ್ರಿ, ಇನ್ನ ಸಾಕು ಅಂತ ಶಿವಪ್ಪನಿಗೆ ಹೇಳಿದಳು. ಆತ ಒಳಗಿಟ್ಟ. ಹಳಿ ಹಾಕುವುದನ್ನು ನೋಡಲಿಕ್ಕೆ ಆತ ಉಳಿಯಲಿಲ್ಲ. ಹಳಿಯ ಈ ಕಡೆ ಉಳಿದ ಹೊಲದ ತುಂಡಿನಲ್ಲಿ ಆತನನ್ನು ಮಣ್ಣು ಮಾಡಿದೆವು. ಪರಿಹಾರದ ರೊಕ್ಕವೂ ಬಂತು. ಅದರ ಮಾತು ಇಲ್ಲಿ ಬೇಡ.

ಮೊನ್ನೆ ಮೊನ್ನೆ ಕುಷ್ಟಗಿಗೆ ರೈಲು ಬಂತು. ಹೂವಿನ ಮಾಲಿ, ಡೊಳ್ಳು, ಭಾಷಣ, ಎಲ್ಲ ಆಯಿತು. ನಮ್ಮೂರ ಗಾದೆ ಅವತ್ತು ಸತ್ತಿತು. ಈಗ ಆಗದ ಕೆಲಸಕ್ಕೆ ಏನು ಅನ್ನಬೇಕು ಅಂತ ಊರಿಗೆ ತಿಳಿಯುತ್ತಿಲ್ಲ. ಗದ್ದಲ ಇಳಿದ ಮೇಲೆ ನಾನು ನೀಲವ್ವನನ್ನು ಕರೆದೆ. ನಡಿ, ಯಲಬುರ್ಗಾದಾಗ ಹತ್ತಿ ಕುಷ್ಟಗಿ ತನಕ ಹೋಗಿ ಬರೋಣು ಅಂದೆ. ಒಲ್ಲೆ ಅನ್ನುತ್ತಾಳೆ ಅಂದುಕೊಂಡಿದ್ದೆ. ಆಕೆ ಪೆಟ್ಟಿಗಿಯಲ್ಲಿದ್ದ ಇಳಕಲ್ ಸೀರಿ ಉಟ್ಟು ಬಂದಳು.

ನನಗೆ ಕಿಡಕಿಯ ಹತ್ತಿರ ಕೂಡುವ ಆಸೆ ಇತ್ತು, ಆದರೂ ಆಕೆಗೆ ಬಿಟ್ಟೆ. ಗಾಡಿ ಅಲ್ಲಾಡಿದ ಕೂಡಲೇ ನೀಲವ್ವ ಎರಡೂ ಕೈ ಮುಗಿದಳು. ಎದುರಿಗೆ ಕುಂತ ಕಾಲೇಜು ಹುಡುಗಿ, ಅಜ್ಜಿಗೆ ಅಂಜಿಕಿ ಬಂದೈತೇನ್ರಿ ಅಂತ ಕೇಳಿದಳು. ಹೂಂ ಅಂದೆ. ನಾನು ಹುಸೇನಸಾಬನ ಪಂಪಿನ ಮನಿ ಕಾಣುವುದನ್ನೇ ಕಾಯುತ್ತಿದ್ದೆ. ಅದು ಕಂಡರೆ ನಮ್ಮ ಹೊಲ. ಕಂಡಿತು. ನೋಡ ನೀಲಿ, ಅನ್ನುವುದರೊಳಗೆ ಹಿಂದೆ ಹೋಯಿತು. ಒಂದು ಜೀವಮಾನ ಹರಗಿದ ಹೊಲ, ಒಂದು ಸೀನು ಬಂದು ಹೋಗುವಷ್ಟು ಹೊತ್ತೂ ಇರಲಿಲ್ಲ.

ಆಕೆ ಕೈ ಬಿಚ್ಚಲಿಲ್ಲ. ಯಾರ್ಯಾರದೋ ಹೊಲ ಬಂದವು ಹೋದವು, ಊರು ಬಂದವು ಹೋದವು.

"ಹೊಲ ಹೋತು ನೀಲಿ, ಇನ್ನ ಕೈ ಇಳಸು," ಅಂದೆ.

"ಅಂವನ ಮಣ್ಣು ಯಾರ್ಯಾರ ಹೊಲಕ್ಕ ಹೋಗೇತೋ ಯಕ್ಕಾ," ಅಂದಳು. "ಎಲ್ಲಾ ಕಡೀಗೂ ಆಗ್ಲಿ."

ಕುಷ್ಟಗಿ ಬರುವ ತನಕ ಆ ಕೈ ಮುಗಿದೇ ಇದ್ದವು. ನಾನು ಕಿಡಕಿಯ ಹೊರಗೆ ನೋಡುತ್ತಾ ಕುಂತೆ. ಎಲ್ಲ ಬೇಸಿಗೆಯ ಖಾಲಿ ಹೊಲಗಳು. ಕರೀ ಮಣ್ಣು ಎಲ್ಲ ಕಡೆ ಒಂದೇ ಥರ ಇರುತ್ತದೆ.

ಇಳಿದ ಮೇಲೆ ಆಕೆ ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ, ಬಗ್ಗಿ, ಹಳಿಯ ಬದಿಯಿಂದ ಒಂದು ಕಡಿ ಎತ್ತಿಕೊಂಡಳು. ತಿರುವಿ ತಿರುವಿ ನೋಡಿದಳು. ಮತ್ತೊಂದು ಕಲ್ಲು, ಮತ್ತೆ ಈಬತ್ತಿ ಅಂದುಕೊಂಡೆ. ಶಿವಪ್ಪನ ಮಾತೇ ನನ್ನ ಬಾಯಲ್ಲಿ ಬಂತು.

"ಇದೇ ಏನು?"

ನೀಲವ್ವ ಯಾವತ್ತಿನ ಹಾಗೆ ತಲೆ ಅಲ್ಲಾಡಿಸಿದಳು. "ಅಲ್ಲ. ಬಳ್ಳೊಳ್ಳಿ ಜಜ್ಜಾಕ ಛಲೋ ಐತಿ. ನೀ ಒಯ್ಯಿ," ಅಂದು ನನ್ನ ಉಡಿಯಲ್ಲಿ ಹಾಕಿದಳು.

ಮುಂದಿನ ಎಳ್ಳ ಅಮಾವಾಸ್ಯೆಗೆ ಆಕೆ ಇರಲಿಲ್ಲ. ಚಳಿಗಾಲ ಸುರುವಾಗುವ ಹೊತ್ತಿಗೆ ಮಲಗಿದವಳು ಏಳಲಿಲ್ಲ, ಭಾಳ ದಿನ ಮಲಗಲೂ ಇಲ್ಲ. ಶಿವಪ್ಪನ ಪಕ್ಕದಲ್ಲೇ ಮಣ್ಣು ಮಾಡಿದೆವು. ಕಟ್ಟೆ ಆಮೇಲೆ ಕಟ್ಟಿಸುತ್ತೇವೆ, ಈಗ ಗುರುತಿಗೆ ಒಂದು ಕಲ್ಲು ಇಡಬೇಕು ಅಂತ ಆಕೆಯ ಹೆಣ್ಣುಮಕ್ಕಳು ಅಂದರು. ಅಂಗಳದಲ್ಲಿ ಶಿವಪ್ಪ ಹೊತ್ತು ತಂದ ಕಲ್ಲುಗಳು ಇನ್ನೂ ಬಿದ್ದಿದ್ದವು. ಅವುಗಳಲ್ಲಿ ಒಂದನ್ನು ಹುಸೇನಸಾಬನ ಮಗನ ಕೈಯಲ್ಲಿ ಹೊರಿಸಿಕೊಂಡು ಬಂದು, ತಲೆಯ ಕಡೆ ನಾನೇ ನಿಲ್ಲಿಸಿದೆ. ಸುತ್ತ ಮಣ್ಣು ತುಳಿದು ಗಟ್ಟಿ ಮಾಡಿದೆ.

ಮಂದಿ ಹೊಳ್ಳಿ ಹೋಗಲಿಕ್ಕೆ ನಿಂತಿದ್ದರು. ನಾನು ತಡೆದೆ.

"ಎಲ್ಲಾರೂ ಕೇಳಿಸ್ಕೊಳ್ರಿ," ಅಂದೆ. "ಈ ಕಲ್ಲು ಇಟ್ಟಾಕಿ ನಾನು. ಇದು ನೀಲವ್ವಂದು. ಇದರ ಕೆಳಗ ಆಕಿ ಅದಾಳ."

ಮುದುಕಿಗೆ ತಲಿ ಕೆಟ್ಟಿದೆ ಅಂದುಕೊಂಡಿರಬೇಕು. ಸುಮ್ಮನೆ ನಿಂತು ಕೇಳಿಸಿಕೊಂಡರು, ಹೋದರು.